ಅಂದೋಲಾದ ಬಂಡಿದಾರಿಯಲ್ಲಿ ಸೈಕಲ್ಲಿನ ಗಂಟೆ

ಕಲಬುರಗಿಯಿಂದ ಜೇವರ್ಗಿಯತ್ತ ಹೊರಟ ಬಸ್ಸು ಕಟ್ಟಿಸಂಗಾವಿಯ ಬಳಿ ಭೀಮಾನದಿಯ ಸೇತುವೆಯನ್ನು ದಾಟುತ್ತದೆ. ಬೇಸಗೆಯಲ್ಲಿ ಸೊರಗಿ ಹರಿಯುವ ಈ ನದಿಯೇ ೨೦೨೦ರ ಅಕ್ಟೋಬರಿನಲ್ಲಿ ದಡ ಮೀರಿ ತೀರದ ಹೊಲಮನೆಗಳನ್ನು ಮುಳುಗಿಸಿತೆಂದರೆ ಹೊಸಬರಿಗೆ ನಂಬಿಕೆಯಾಗದು. ಹೊಳೆ ದಾಟಿದ ಪ್ರವಾಸಿಯ ಮುಂದೆ ಎರೆಭೂಮಿ ಹರಡಿಕೊಳ್ಳುತ್ತದೆ. ದೃಷ್ಟಿ ಹರಿದಷ್ಟು ದೂರವೂ ಕಪ್ಪು ಮಣ್ಣು. ಅದರ ಮೇಲೆ ಕಾಲಕ್ಕೆ ತಕ್ಕಂತೆ ತೊಗರಿ, ಜೋಳ, ಹತ್ತಿ. ಈ ಜಿಲ್ಲೆಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಬೆಂಗಳೂರಿನ ಮನೆಯಲ್ಲಿ ಸಾರು ಕುದಿಯುವಾಗ ಈ ಮಣ್ಣಿನ ಋಣ ಯಾರಿಗೂ ನೆನಪಾಗುವುದಿಲ್ಲವಷ್ಟೆ. ಅಖಂಡೇಶ್ವರನ ಅಂಕಿತದಲ್ಲಿ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಊರಾದ ಜೇವರ್ಗಿಯಲ್ಲಿ ಹೆದ್ದಾರಿಗಳು ಕವಲೊಡೆಯುತ್ತವೆ. ಒಂದು ವಿಜಯಪುರದ ಕಡೆಗೆ, ಇನ್ನೊಂದು ಶಹಾಪುರದ ಕಡೆಗೆ. ಇದೇ ತಾಲೂಕಿನ ಹೋಬಳಿಯ ಊರು ಅಂದೋಲಾ.

ಇಂದು ಹೋಬಳಿಯೇನೋ ಸರಿ. ಆದರೆ ನಿಜಾಮರ ಆಳ್ವಿಕೆಯಲ್ಲಿ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳಲ್ಲಿ ಒಂದಕ್ಕೆ ಅಂದೋಲಾ ಎಂದೇ ಹೆಸರಿತ್ತು. ೧೯೫೬ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ಈ ಭಾಗ ಕನ್ನಡನಾಡಿನೊಡನೆ ಕೂಡಿಕೊಂಡಿತು. ಹೆಸರು ಕೇಳಿದೊಡನೆ ಸಂಸ್ಕೃತ ಬಲ್ಲವರಿಗೆ ‘ಆಂದೋಲ’, ಎಂದರೆ ತೂಗುಯ್ಯಾಲೆ, ನೆನಪಾಗುತ್ತದೆ. ಸುತ್ತಣ ಹೊಲಗಳ ಬಂಡಿದಾರಿಯಲ್ಲಿ ಸೈಕಲ್ಲು ತುಳಿದವರು ಆ ಹೆಸರನ್ನು ಬೇಗ ಒಪ್ಪಿಕೊಂಡಾರು. ಅಲ್ಲಿ ಸೈಕಲ್ಲು ಓಡುವುದಿಲ್ಲ, ತೂಗಾಡುತ್ತದೆ.

ಎರೆಮಣ್ಣಿನ ಸ್ವಭಾವವೇ ಅಂಥದು. ಮಳೆಗಾಲದಲ್ಲಿ ಅದು ಅಂಟಾಗಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆಗ ಸವಾರನು ಸೈಕಲ್ಲನ್ನು ಏರುವುದಿಲ್ಲ, ಸೈಕಲ್ಲೇ ಸವಾರನ ಹೆಗಲೇರುತ್ತದೆ. ಮಳೆ ನಿಂತ ಮೇಲೆ ಬಂಡಿಗಳು ಓಡಾಡಿ ಹಸಿಮಣ್ಣಿನಲ್ಲಿ ಎರಡು ಆಳವಾದ ಗಾಲಿಜಾಡುಗಳನ್ನು ಕೊರೆಯುತ್ತವೆ. ಬಿಸಿಲಿಗೆ ಆ ಜಾಡುಗಳು ಕಲ್ಲಿನಂತೆ ಗಟ್ಟಿಯಾಗುತ್ತವೆ. ಚಳಿಗಾಲ ಕಳೆಯುವಷ್ಟರಲ್ಲಿ ಅವುಗಳ ತಳದಲ್ಲಿ ಬೆರಳುದ್ದ ಹುಡಿ ಮಣ್ಣು. ಸೈಕಲ್ಲಿನವನಿಗೂ ನಡೆಯುವವನಿಗೂ ನಯವಾದ ಹಾದಿ ಆ ಜಾಡೊಂದೇ. ಸಂಕಟ ಆರಂಭವಾಗುವುದು ಅಲ್ಲಿಂದಲೇ. ಹುಡಿಮಣ್ಣಿನ ಮೇಲೆ ಸೈಕಲ್ಲಿನ ಗಾಲಿ ಸದ್ದು ಮಾಡುವುದಿಲ್ಲ. ಜಾಡಿಗೆ ಇಳಿದ ಗಾಲಿಯನ್ನು ಥಟ್ಟನೆ ಹೊರಗೆ ತಿರುಗಿಸಲೂ ಬರುವುದಿಲ್ಲ. ಅಂಚಿಗೆ ತಗುಲಿದ ಗಾಲಿ ಜಾರಿ ಸವಾರನನ್ನು ಕೆಡವುತ್ತದೆ. ಸದ್ದಿಲ್ಲದೆ ಬರುವುದು, ಸರಿದು ಹೋಗಲಾರದಿರುವುದು: ಇವೆರಡೂ ಕೂಡಿದ ಕಡೆಯಲ್ಲಿ ಹ್ಯಾಂಡಲ್ಲಿನ ಮೇಲಿನ ಪುಟ್ಟ ಗಂಟೆ ಆಟಿಕೆಯಲ್ಲ.

ಸದ್ದಿನಿಂದ ಹಾದಿ ಹಂಚಿಕೊಳ್ಳುವ ವಿದ್ಯೆ ಈ ನಾಡಿಗೆ ಹೊಸದೇನಲ್ಲ. ಬಂಡಿಯ ಎತ್ತುಗಳ ಕೊರಳಲ್ಲಿ ಗಂಟೆ ಗೆಜ್ಜೆಗಳನ್ನು ಕಟ್ಟಿದ್ದು ಬರಿಯ ಅಲಂಕಾರಕ್ಕಲ್ಲ. ಕತ್ತಲೆಯಲ್ಲಿ ಎದುರಿನಿಂದ ಬಂಡಿ ಬರುತ್ತಿದೆಯೆಂದು ಗೆಜ್ಜೆಯ ದನಿ ದೂರದಿಂದಲೇ ತಿಳಿಸುತ್ತಿತ್ತು. ಇಕ್ಕಟ್ಟಿಗೆ ಬರುವ ಮೊದಲೇ ಒಬ್ಬನು ಅಗಲವಾದ ಕಡೆಯಲ್ಲಿ ಬಂಡಿಯನ್ನು ತರುಬಿ ನಿಲ್ಲಿಸುತ್ತಿದ್ದನು. ಹಿಂದಿನ ಕಾಲದ ಟಪಾಲು ಓಟಗಾರನು ತನ್ನ ಈಟಿಗೆ ಗೆಜ್ಜೆ ಕಟ್ಟಿಕೊಂಡು ಓಡುತ್ತಿದ್ದನು. ಮನೆಮನೆಗೆ ಬರುವ ಜಂಗಮರ ಕಾಲಿನ ಜಂಗೂ ಅವರಿಗಿಂತ ಮುಂಚಿತವಾಗಿ ಅಂಗಳವನ್ನು ತಲುಪುತ್ತಿತ್ತು. ಈ ಗಂಟೆಗಳಲ್ಲಿ ಒಂದು ಸಮಾನ ಗುಣವನ್ನು ಗಮನಿಸಬೇಕು. ಅವು ‘ಬರುತ್ತಿದ್ದೇನೆ’ ಎಂದು ಹೇಳುತ್ತಿದ್ದುವೇ ಹೊರತು ‘ಸರಿ ಅತ್ತ’ ಎಂದು ಗದರಿಸುತ್ತಿರಲಿಲ್ಲ.

ಸೈಕಲ್ಲಿನ ಗಂಟೆ ಈ ಬಳಗಕ್ಕೆ ತಡವಾಗಿ ಬಂದು ಸೇರಿದ ನೆಂಟ. ಅದಕ್ಕೆ ೧೮೭೭ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜಾನ್ ರಿಚರ್ಡ್ ಡೆಡಿಕೋಟ್. ಹೆಬ್ಬೆರಳು ಸನ್ನೆಯನ್ನು ಒತ್ತಿದಾಗ ಬಟ್ಟಲಿನೊಳಗಿನ ಹಲ್ಲುಗಾಲಿಗಳು ಗರಗರನೆ ತಿರುಗಿ, ಸಡಿಲವಾಗಿ ಕೂಡಿಸಿದ ಬಿಲ್ಲೆಗಳು ಬಟ್ಟಲಿಗೆ ಬಡಿದು ಟ್ರಿಣ್ ಎನ್ನುತ್ತವೆ. ನಮ್ಮ ಹಳ್ಳಿಗಳಲ್ಲಿ ಸೈಕಲ್ಲು ಬಹುಕಾಲ ಮೇಷ್ಟರದು, ಪೋಸ್ಟಿನವನದು, ಹಾಲಿನವನದು ಆಗಿತ್ತು. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿದ ಮೇಲೆ ಅದು ಹೆಣ್ಣುಮಕ್ಕಳದೂ ಆಯಿತು. ಕೋವಿಡ್ ಕಾಲದಲ್ಲಿ ಹಂಚಿಕೆ ನಿಂತಿತಾದರೂ, ಅಕ್ಕ ತುಳಿದ ಸೈಕಲ್ಲು ತಂಗಿಯ ಪಾಲಿಗೆ ಬರುವುದು ಮನೆಮನೆಯ ರೂಢಿ. ಬಸ್ಸಿಲ್ಲದ ಸಣ್ಣ ಊರಿನಿಂದ ದೊಡ್ಡ ಊರಿನ ಪ್ರೌಢಶಾಲೆಗೆ ಹೋಗುವ ಹುಡುಗಿಗೆ ಸೈಕಲ್ಲೆಂದರೆ ವಿದ್ಯೆಯೇ. ಆ ಕಾರಣದಿಂದಲೇ ಗಂಟೆಯ ಮಾತು ಸಣ್ಣದಲ್ಲ. ಒಂದು ದಿನ ಅವಳ ಸೈಕಲ್ಲು ಒಬ್ಬ ಮುದುಕರಿಗೆ ತಗುಲಿ ಅವರ ಸೊಂಟ ಮುರಿದರೆ, ಹಾಸಿಗೆ ಹಿಡಿಯುವವರು ಅವರು. ಆದರೆ ಮನೆ ಹಿಡಿಯುವವಳು ಆ ಹುಡುಗಿಯೂ ಆಗಬಹುದು. ‘ಸಾಕು, ಇನ್ನು ಸೈಕಲ್ಲು ಬ್ಯಾಡ’ ಎಂಬ ಒಂದು ಮಾತು ಸಾಲದೇ?

ಮಾರ್ಗಶಿರದ ಒಂದು ಮುಂಜಾವನ್ನು ಊಹಿಸಿಕೊಳ್ಳಬೇಕು. ಎರಡು ಕಡೆಗೂ ಆಳೆತ್ತರದ ತೊಗರಿ. ತಿರುವಿನಾಚೆ ಏನಿದೆಯೆಂದು ಕಾಣದು. ಚಳಿಗೆ ಕಿವಿ ಮುಚ್ಚುವಂತೆ ರುಮಾಲು ಸುತ್ತಿಕೊಂಡ ಮುದುಕರೊಬ್ಬರು ಗಾಲಿಜಾಡಿನಲ್ಲಿ ಕೋಲೂರುತ್ತ ಹೊಲಕ್ಕೆ ಹೊರಟಿದ್ದಾರೆ. ಹಿಂದಿನಿಂದ ಶಾಲೆಯ ಹುಡುಗಿ ಬರುತ್ತಾಳೆ. ದೂರದಿಂದ ಒಮ್ಮೆ ಗಂಟೆ ಬಾರಿಸುತ್ತಾಳೆ, ಮುದುಕರು ತಿರುಗುವುದಿಲ್ಲ. ಸ್ವಲ್ಪ ಮುಂದೆ ಬಂದು ಇನ್ನೊಮ್ಮೆ, ಆಗಲೂ ಇಲ್ಲ. ಮೂರನೆಯ ಸಲ ಅವಳು ಗಂಟೆಗೆ ಕೈಹಾಕುವುದಿಲ್ಲ, ಬ್ರೇಕು ಹಿಡಿಯುತ್ತಾಳೆ. ಇಳಿದು, ಸೈಕಲ್ಲನ್ನು ನೂಕಿಕೊಂಡು ಬಂದು, ಬದಿಯಲ್ಲಿ ಕಾಣಿಸಿಕೊಂಡು ಹೇಳುತ್ತಾಳೆ:

“ಮುತ್ಯಾ, ಬಲಗಡಿಂದ ಮುಂದ ಹೋಗ್ತೀನ್ರಿ.”

“ಹೋಗು ಯವ್ವ, ಹೋಗು. ನಿನ್ನ ಗಂಟಿ ನನಗ ಕೇಳ್ಸಲೇ ಇಲ್ಲ ನೋಡು.”

“ಕೇಳ್ಸದಿದ್ರ ಏನಾತ್ರಿ ಮುತ್ಯಾ, ನೀವು ನನಗ ಕಂಡೀರಲ್ರಿ!”

ಹಾದಿ ಹಂಚಿಕೊಳ್ಳುವ ಶಾಸ್ತ್ರವೆಲ್ಲ ಆ ಹುಡುಗಿಯ ಒಂದು ಮಾತಿನಲ್ಲಿ ಅಡಗಿದೆ. ಕಂಡವರದು ಹೊಣೆ, ಕೇಳದವರದು ತಪ್ಪಲ್ಲ.

ಇದರ ಹಿಂದೆ ಒಂದು ಸರಳವಾದ ಲೆಕ್ಕವಿದೆ. ಸೈಕಲ್ಲು ಗಂಟೆಗೆ ೧೫ ಕಿಲೋಮೀಟರಿನ ವೇಗದಲ್ಲಿ ಬರುತ್ತಿದೆ, ಮುಂದಿನವರು ಗಂಟೆಗೆ ೫ ಕಿಲೋಮೀಟರಿನಂತೆ ನಡೆಯುತ್ತಿದ್ದಾರೆ ಎನ್ನೋಣ. ಅಂತರವು ಸೆಕೆಂಡಿಗೆ ೩ ಮೀಟರಿಗಿಂತ ತುಸು ಕಡಿಮೆಯಾಗಿ ಕರಗುತ್ತದೆ. ೩೦ ಮೀಟರು ದೂರದಿಂದ ಗಂಟೆ ಬಾರಿಸಿದರೆ ನಡೆಯುವವರಿಗೆ ಸುಮಾರು ೧೧ ಸೆಕೆಂಡು ಸಿಗುತ್ತದೆ. ಕೇಳಿ, ತಿರುಗಿ ನೋಡಿ, ನಿಧಾನವಾಗಿ ಬದಿಗೆ ಸರಿಯಲು ಅಷ್ಟು ಸಾಕು. ೫ ಮೀಟರಿಗೆ ಬಂದು ಬಾರಿಸಿದರೆ ಎರಡು ಸೆಕೆಂಡೂ ಸಿಗದು. ಬೆಚ್ಚಿಬಿದ್ದವನು ಯಾವ ಕಡೆಗೆ ಜಿಗಿಯುವನೆಂದು ಅವನಿಗೇ ತಿಳಿಯದು. ಎಷ್ಟೋ ಸಲ ಸೈಕಲ್ಲು ಬರುವ ಕಡೆಗೇ ಜಿಗಿಯುತ್ತಾನೆ. ಎದುರುಬದುರಾಗಿ ಬಂದರಂತೂ ೩೦ ಮೀಟರು ಐದಾರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆದುದರಿಂದ ತೊಗರಿಯ ಮರೆಯ ತಿರುವಿನಲ್ಲಿ ಮೊದಲು ಗಂಟೆ, ಜೊತೆಗೇ ಬ್ರೇಕು.

ಇನ್ನು ಕಿವಿಯ ವಿಚಿತ್ರವನ್ನು ನೋಡಬೇಕು. ವಯಸ್ಸಾದಂತೆ ಮನುಷ್ಯನ ಕಿವಿ ಮೊದಲು ಕಳೆದುಕೊಳ್ಳುವುದು ಏರುದನಿಯ ಕೀಚುಸದ್ದುಗಳನ್ನು. ಸೈಕಲ್ಲಿನ ಗಂಟೆಯ ದನಿಯಾದರೋ ಅದೇ ಜಾತಿಯದು. ಮನುಷ್ಯರ ಮಾತು ಇನ್ನೂ ಕೇಳುತ್ತಿರುವಾಗಲೇ ಗಂಟೆಯ ದನಿ ಮುದುಕರ ಪಾಲಿಗೆ ಮಂಕಾಗಿರಬಹುದು. ಎತ್ತಿನ ಕಿವಿ ಇದಕ್ಕೆ ತದ್ವಿರುದ್ಧ. ಮನುಷ್ಯನ ಕಿವಿಗೆ ನಿಲುಕದಷ್ಟು ಏರಿದ ದನಿಯನ್ನೂ ಅದು ಹಿಡಿಯುತ್ತದೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಂಡೀತು. ಬೆನ್ನ ಹಿಂದಿನ ಒಂದು ಪಟ್ಟಿ ಮಾತ್ರ ಕಾಣದು. ಕಾಣದ ಆ ಕಡೆಯಿಂದಲೇ ಕಿವಿ ಇರಿಯುವ ಸದ್ದು ಬಂದರೆ ಎತ್ತು ಬೆದರಿ ನೊಗ ಸಹಿತ ಹೊಲಕ್ಕೆ ನುಗ್ಗಿದರೆ ಆಶ್ಚರ್ಯವೇನು? ಒಂದೇ ಗಂಟೆ ಮುತ್ಯಾನಿಗೆ ಕಡಿಮೆಯಾಗುತ್ತದೆ, ಎತ್ತಿಗೆ ಹೆಚ್ಚಾಗುತ್ತದೆ.

ಇದನ್ನು ಬಲ್ಲ ಸವಾರನು ಆಳಿಗೊಂದು ರೀತಿ ನಡೆದುಕೊಳ್ಳುತ್ತಾನೆ. ಬಂಡಿಯ ಹಿಂದೆ ಬರುವಾಗ ದೂರದಲ್ಲೇ ಒಮ್ಮೆ ಗಂಟೆ ಬಾರಿಸಿ, ಬಂಡಿ ಹೊಡೆಯುವವನು ಕೈಸನ್ನೆ ಮಾಡುವವರೆಗೆ ಕಾಯುತ್ತಾನೆ. ಆ ಮೇಲೆ ದೂರ ಸರಿದು ಮೌನವಾಗಿ ಮುಂದೆ ಹೋಗುತ್ತಾನೆ. ಕುರಿಹಿಂಡು ಎದುರಾದರೆ ಗಂಟೆಯ ಗೊಡವೆಗೇ ಹೋಗುವುದಿಲ್ಲ. ಇಳಿದು ಬದಿಗೆ ನಿಲ್ಲುತ್ತಾನೆ. ಹಿಂಡು ಗಂಟೆಯ ಮಾತು ಕೇಳದು, ಕುರುಬನ ಮಾತು ಕೇಳೀತು. ತಲೆಯ ಮೇಲೆ ಮೇವಿನ ಹೊರೆಯನ್ನೋ ನೀರಿನ ಕೊಡವನ್ನೋ ಹೊತ್ತ ಹೆಣ್ಣುಮಗಳು ಕುತ್ತಿಗೆ ತಿರುಗಿಸಲಾರಳು. ತಿರುಗಬೇಕಾದರೆ ಇಡೀ ದೇಹದೊಡನೆ ಹೊರೆಯೂ ತಿರುಗಬೇಕು. ಅವಳ ಬೆನ್ನಿಗೆ ಬಂದು ಗಂಟೆ ಬಾರಿಸುವುದು ಅವಳನ್ನು ಕೆಡವಿದಂತೆಯೇ. ‘ಅಕ್ಕಾ, ಬಾಜೂಕಿಂದ ಹೊಂಟೀನ್ರಿ’ ಎಂಬ ಮೆಲುದನಿ ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಎಳ್ಳಮಾವಾಸ್ಯೆಯ ದಿನ ಬುಟ್ಟಿ ಹೊತ್ತ ಸಂಸಾರಗಳೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೊರಟಿರುವಾಗ, ಸೈಕಲ್ಲನ್ನು ತುಳಿಯುವುದಕ್ಕಿಂತ ನೂಕಿಕೊಂಡು ಹೋಗುವುದೇ ಜಾಣತನ. ಹಾದಿಯಲ್ಲಿ ಒಂದೆರಡು ಕಡಬು ಸಿಕ್ಕರೂ ಸಿಕ್ಕಾವು!

ಈ ವಿವೇಕವನ್ನು ದೂರದ ದೇಶಗಳೂ ಬೇರೆಬೇರೆ ದಾರಿಯಲ್ಲಿ ಕಂಡುಕೊಂಡಿವೆ. ಬ್ರಿಟನ್ನಿನಲ್ಲಿ ಹೊಸ ಸೈಕಲ್ಲನ್ನು ಮಾರುವಾಗ ಅದಕ್ಕೆ ಗಂಟೆ ಇರಲೇಬೇಕೆಂಬ ನಿಯಮವಿದೆ. ಅಲ್ಲಿನ ರಸ್ತೆ ಸಂಹಿತೆಯು, ಅಗತ್ಯವಿದ್ದಾಗ ಗಂಟೆ ಬಾರಿಸಿ ಇರವನ್ನು ತಿಳಿಸಬೇಕೆಂದು ಹೇಳುವುದರ ಜೊತೆಗೇ, ಮುಂದಿರುವವರಿಗೆ ಕಿವಿ ಕೇಳದಿರಬಹುದು, ಕಣ್ಣು ಕಾಣದಿರಬಹುದು ಎಂಬುದನ್ನೂ ನೆನಪಿಸುತ್ತದೆ. ಜಪಾನಿನಲ್ಲಾದರೋ ಕಾಲುದಾರಿಯ ಪಾದಚಾರಿಗಳನ್ನು ಸರಿಸುವುದಕ್ಕಾಗಿ ಗಂಟೆ ಬಾರಿಸುವುದೇ ಕಾನೂನಿಗೆ ವಿರುದ್ಧ. ಜನ ಅಡ್ಡವಿದ್ದರೆ ಸೈಕಲ್ಲಿನವನೇ ನಿಲ್ಲಬೇಕು. ಒಂದು ದೇಶ ಗಂಟೆ ಕಟ್ಟು ಎಂದಿತು, ಇನ್ನೊಂದು ಸುಮ್ಮಸುಮ್ಮನೆ ಬಾರಿಸಬೇಡ ಎಂದಿತು. ಎರಡರ ಅರ್ಥವೂ ಒಂದೇ: ಗಂಟೆ ಸುದ್ದಿ ಕೊಡುತ್ತದೆ, ಹಕ್ಕು ಕೊಡುವುದಿಲ್ಲ.

ಹಾಗೆಂದು ಗಂಟೆಯನ್ನು ಕಡೆಗಣಿಸುವಂತಿಲ್ಲ. ಎರೆಮಣ್ಣಿನ ಧೂಳು ಬಟ್ಟಲಿನೊಳಗೆ ಸೇರಿ ಹಲ್ಲುಗಾಲಿಗಳನ್ನು ಕಚ್ಚಿಸುತ್ತದೆ. ವಾರಕ್ಕೊಮ್ಮೆ ಬಟ್ಟಲನ್ನು ತಿರುವಿ ಬಿಚ್ಚಿ, ಧೂಳು ಒರೆಸಿ, ಹಲ್ಲುಗಾಲಿಗೆ ಒಂದೇ ತೊಟ್ಟು ಎಣ್ಣೆ ಬಿಟ್ಟರೆ ಸಾಕು. ಬುತ್ತಿಯ ಚೀಲವನ್ನು ಗಂಟೆಯ ಮೇಲೆಯೇ ತೂಗುಹಾಕುವ ಅಭ್ಯಾಸ ಮಕ್ಕಳಿಗುಂಟು. ಚೀಲ ತಗುಲಿದ ಬಟ್ಟಲು ಕೈಹಿಡಿದ ತಾಳದಂತೆ ದನಿ ಸತ್ತು ‘ಟಕ್’ ಎನ್ನುತ್ತದೆ. ಬ್ರೇಕಿನಿಂದ ಕೈ ತೆಗೆಯದೆ ಹೆಬ್ಬೆರಳಿಗೆ ಸಿಗುವಲ್ಲಿ ಗಂಟೆಯನ್ನು ಬಿಗಿಯಬೇಕು. ಬಾರಿಸಲು ಕೈ ಬಿಟ್ಟರೆ ಹಿಡಿಯಲು ಬ್ರೇಕು ಸಿಗದು.

ನಡೆಯುವವರಿಗೂ ಒಂದಿಷ್ಟು ಕರ್ತವ್ಯವಿದೆ. ನಾಲ್ಕು ಜನ ಸಾಲಾಗಿ ಹಾದಿ ತುಂಬ ನಡೆಯುವುದು, ಎರಡು ಕಿವಿಗೂ ಇಯರ್‌ಫೋನು ಸಿಕ್ಕಿಸಿಕೊಂಡು ಲೋಕವನ್ನೇ ಮರೆಯುವುದು, ಗಂಟೆ ಕೇಳಿಯೂ ‘ಬಂದರೆ ಬರಲಿ’ ಎಂದು ಬೀಗುವುದು ಸಲ್ಲದು. ಈಗಂತೂ ಅದೇ ಬಂಡಿದಾರಿಗೆ ಮೋಟಾರ್ ಬೈಕು ಬಂದಿದೆ, ಹಾಡು ಹಾಕಿಕೊಂಡ ಟ್ರ್ಯಾಕ್ಟರು ಬಂದಿದೆ. ಅವುಗಳ ಮುಂದೆ ಸೈಕಲ್ಲಿನ ಗಂಟೆ ಗುಬ್ಬಿಯ ದನಿ. ಅಲ್ಲಿ ಸರಿದು ನಿಲ್ಲುವ ಸರದಿ ಸೈಕಲ್ಲಿನದೇ. ತನಗಿಂತ ಬಲಿಷ್ಠರು ಹಿಂದಿನಿಂದ ಅಬ್ಬರಿಸಿದಾಗ ಎದೆ ಹೇಗೆ ನಡುಗುತ್ತದೆಂದು ಬಲ್ಲವನು, ತನಗಿಂತ ಬಡಪಾಯಿಯ ಬೆನ್ನ ಹಿಂದೆ ಹಾಗೆ ಮಾಡಲಾರನು.

ಪಟ್ಟಣದವರಿಗೆ ಈ ಮಾತು ಹೊರಗಿನದೆನಿಸಬೇಕಾಗಿಲ್ಲ. ೨೦೧೭ರಲ್ಲಿ ಮೈಸೂರಿನಲ್ಲಿ ಸಾರ್ವಜನಿಕ ಬಾಡಿಗೆ ಸೈಕಲ್ಲಿನ ಯೋಜನೆ ಆರಂಭವಾದಾಗ ಅದಕ್ಕೆ ‘ಟ್ರಿಣ್ ಟ್ರಿಣ್’ ಎಂದೇ ಹೆಸರಿಟ್ಟರು. ಕೆರೆಯ ಏರಿಯ ಮೇಲೆ, ಉದ್ಯಾನದ ಹಾದಿಯಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಟ ತಾತ ಅಜ್ಜಿಯರೂ, ರಜೆಯ ಹುರುಪಿನಲ್ಲಿ ಸೈಕಲ್ಲು ಬಿಡುವ ಮೊಮ್ಮಕ್ಕಳೂ ಅಲ್ಲಿಯೂ ಒಂದೇ ಹಾದಿಯ ಪಾಲುದಾರರು. ಮಗುವಿಗೆ ಸೈಕಲ್ಲು ಕೊಡಿಸುವ ತಂದೆತಾಯಿಗಳು ಅದನ್ನು ತುಳಿಯುವುದರ ಜೊತೆಗೆ, ಎಲ್ಲಿ ಬಾರಿಸಬೇಕು, ಎಲ್ಲಿ ಇಳಿಯಬೇಕು ಎಂಬುದನ್ನೂ ಕಲಿಸಿದರೆ ಕೊಡುಗೆ ಪೂರ್ಣವಾದೀತು.

ಸಂಜೆಯ ಹೊತ್ತಿಗೆ ಅಂದೋಲಾದ ಹೊಲಗಳಿಂದ ಬಂಡಿಗಳು ಊರಿಗೆ ಮರಳುತ್ತವೆ. ಹುಡಿಮಣ್ಣು ಎದ್ದು ಇಳಿಬಿಸಿಲಿನಲ್ಲಿ ಹೊನ್ನಿನ ಬಣ್ಣ ತಾಳುತ್ತದೆ. ಶಾಲೆ ಬಿಟ್ಟು ಬರುವ ಹುಡುಗಿಯ ಗಂಟೆ ದೂರದಲ್ಲಿ ಒಮ್ಮೆ ಟ್ರಿಣ್ ಎನ್ನುತ್ತದೆ. ಬದುವಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿರುವ ಮುದುಕರಿಗೆ ಅದು ಕೇಳಿಸದು. ಕೈಯನ್ನು ಹುಬ್ಬಿಗೆ ಹಿಡಿದು ನೋಡಿ, ಅವಳೇ ಎಂದು ಗುರುತು ಹಿಡಿದು, ಹಾದಿಗೆ ಅಡ್ಡವಾಗಿ ಚಾಚಿದ್ದ ಕೋಲನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ.