ಮೇರೆಗಲ್ಲುಗಳು ಹೇಳುವ ಊರಿನ ಕಥೆ

ತುಮಕೂರು ಹೆದ್ದಾರಿಯಲ್ಲಿ ಬೆಂಗಳೂರನ್ನು ದಾಟಿ ಬರುವವರಿಗೆ ಮಾದನಾಯಕನಹಳ್ಳಿಯಲ್ಲಿ ಮೊದಲು ಕಾಣುವವು ಕಾರ್ಖಾನೆಗಳು, ಉಗ್ರಾಣಗಳು, ಲಾರಿಗಳ ಸಾಲು. ನೆರೆಯ ಮಾದಾವರದವರೆಗೆ 2024ರ ನವೆಂಬರಿನಲ್ಲಿ ಮೆಟ್ರೋ ರೈಲೂ ಬಂದಿತು. ಇದಕ್ಕೆಲ್ಲ ಮುನ್ನ ಈ ಸೀಮೆಯ ನೆಲವನ್ನು ಉತ್ತು ಬಿತ್ತಿದವರ ಬಾಳು ಎಂತಹುದು? ಈ ಪ್ರಶ್ನೆಯನ್ನು ಹೊತ್ತು ನಾವು ಕುಟುಂಬಸಮೇತರಾಗಿ ನೆಲಮಂಗಲ ತಾಲ್ಲೂಕಿನ ಮಣ್ಣೆಗೆ ಹೊರಟೆವು.

ಇಂದು ಸಾಮಾನ್ಯ ಹಳ್ಳಿಯಾಗಿರುವ ಮಣ್ಣೆಯೇ ಶಾಸನಗಳ ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಗಂಗದೊರೆ ಶ್ರೀಪುರುಷನ ನೆಲೆವೀಡು. ಕಪಿಲೇಶ್ವರನ ಪ್ರಾಚೀನ ಗುಡಿಯ ಮುಂದೆ ಕೈಮುಗಿದು ನಿಂತಾಗ ಆ ವೈಭವದ ನೆನಪಾಯಿತು. ಆದರೆ ನಾವು ಅರಸಿ ಬಂದದ್ದು ದೊರೆಯನ್ನಲ್ಲ, ಒಕ್ಕಲನ್ನು.

ಅವರ ಗುರುತು ಉಳಿದಿರುವುದು ಕಲ್ಲುಗಳಲ್ಲಿ. ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲೊಂದು 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ದೊರೆಯಿತು. ಪೆರ್ಬೊಳಲ್ನಾಡು ಮೂವತ್ತು ಎಂಬ ನಾಡಿನ ಹೆಸರೂ ಕಾದಾಡಿ ಮಡಿದ ಕಿತ್ತಯ್ಯನ ಹೆಸರೂ ಅದರಲ್ಲಿವೆ. ಸುಮಾರು 890ರ ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಹೆಸರೇ ಇದೆ.

ಶಿಲೆಗಳು ಕಾಳಗವನ್ನಷ್ಟೇ ಹೇಳುವುದಿಲ್ಲ. ಕೆರೆ ಕಟ್ಟಿಸಿದವನಿಗೆ ಬಿಟ್ಟ ಬಿತ್ತುವಟ್ಟ, ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಪ್ರಾಣ ಕೊಟ್ಟವನ ಮನೆಗೆ ಸಂದ ಹೊಲ, ಗದ್ದೆ ಬೆದ್ದಲುಗಳ ಮೇರೆ, ಶಿವಾಲಯಕ್ಕೆ ಬಿಟ್ಟ ಭೂಮಿಯಂಚಿನ ಲಿಂಗಮುದ್ರೆಯ ಕಲ್ಲು — ಇವೆಲ್ಲ ನಮ್ಮ ನಾಡಿನ ಗ್ರಾಮಜೀವನದ ಕಡತಗಳು.

ದೂರದ ಗ್ರೀಸ್ ದೇಶದಲ್ಲಿಯೂ ಹೀಗೆಯೇ. ಅಥೆನ್ಸಿನ ಆಡಳಿತಕ್ಕೆ ಸೇರಿದ್ದ 139 ಊರುಕೇರಿಗಳ ಬದುಕನ್ನು ವಿದ್ವಾಂಸರು ಅಕ್ಷರ ಕೊರೆದ ಮೇರೆಗಲ್ಲುಗಳಿಂದಲೂ ಮಡಕೆಯ ಚೂರುಗಳಿಂದಲೂ ಅರಿಯುತ್ತಾರೆ. ವಾರಿ ಎಂಬಲ್ಲಿ 1966ರಲ್ಲಿ ಅಗೆದಾಗ ಸುಮಾರು 2300 ವರ್ಷ ಹಿಂದಿನ ಒಂದು ರೈತನ ಮನೆಯೂ ಜೇನು ಸಾಕಲು ಬಳಸಿದ ಮಣ್ಣಿನ ಪಾತ್ರೆಗಳ ಚೂರುಗಳೂ ದೊರೆತವು. ಆ ಒಕ್ಕಲಿಗನ ಹೆಸರು ತಿಳಿಯದು. ಆತನ ಕಾಯಕ ಮಾತ್ರ ಉಳಿಯಿತು.

ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಅನೇಕ ಕಲ್ಲುಗಳು ಇಂದು ಸ್ಥಳದಲ್ಲಿಲ್ಲ. ಉಳಿದವುಗಳ ಅಕ್ಷರಗಳನ್ನು ಮೂರು ಆಯಾಮದ ಚಿತ್ರಗಳಲ್ಲಿ ಸೆರೆಹಿಡಿಯುವ ಕಾರ್ಯವನ್ನು ಮಿಥಿಕ್ ಸೊಸೈಟಿ 2021ರಲ್ಲಿ ಕೈಗೆತ್ತಿಕೊಂಡಿತು.

ಹಿಂದಿರುಗುವಾಗ ಒಂದು ಊರಿನಂಚಿನಲ್ಲಿ, ಹೊಸ ಬಡಾವಣೆಯ ಬೇಲಿಯ ಪಕ್ಕ, ಅರ್ಧ ಹೂತ ವೀರಗಲ್ಲಿಗೆ ವೃದ್ಧೆಯೊಬ್ಬರು ಹೂವಿಡುತ್ತಿದ್ದರು. ‘ಇದು ಯಾರ ಕಲ್ಲಮ್ಮಾ?’ ಎಂದೆವು. ‘ನಮ್ಮ ಹಿರೀಕರದು ಸ್ವಾಮಿ. ಓದೋಕೆ ಬರಲ್ಲ, ಹಂಗಂತ ಬಿಡೋಕಾಗ್ತದಾ?’ ಎಂದರು.

ಬಂಧುಗಳೇ, ನಿಮ್ಮ ಊರಿನಲ್ಲಿಯೂ ಇಂತಹ ಕಲ್ಲು ಇರಬಹುದು. ಅದಕ್ಕೆ ಬಣ್ಣ ಬಳಿಯದಿರಿ, ಕಾಮಗಾರಿಯಲ್ಲಿ ಒಡೆಯಲು ಬಿಡದಿರಿ. ಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಮಕ್ಕಳನ್ನು ಕರೆದೊಯ್ದು ತೋರಿಸಿರಿ. ಆ ತಾಯಿ ಬಿಡದೆ ಕಾಯ್ದುಕೊಂಡದ್ದನ್ನು ಓದಬಲ್ಲ ನಾವು ಕಳೆದುಕೊಳ್ಳಬಾರದು.