ಏಳು ಮನೆಯ ಮುಯ್ಯಿ

“ತೋಟ ಅಂದ್ರೆ ಅಂಗಳದ ಹಾಗೆ ಚೊಕ್ಕಟವಾಗಿರಬೇಕು. ಇದೇನಮ್ಮಾ, ಕಾಡು ಬೆಳೆಸಿಕೊಂಡು ಕೂತಿದ್ದೀಯ!”

ನಮ್ಮ ತೋಟಕ್ಕೆ ಮೊದಲ ಸಲ ಬಂದ ನೆಂಟರಿಷ್ಟರು ಮೂಗಿನ ಮೇಲೆ ಬೆರಳಿಟ್ಟು ಹೀಗೆನ್ನುವುದು ವಾಡಿಕೆಯಾಗಿಬಿಟ್ಟಿದೆ. ಅವರನ್ನು ದೂರಿ ಫಲವಿಲ್ಲ. ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನ ತೋಟವೆಂದರೆ ಸಾಲಾಗಿ ನಿಂತ ಮರಗಳು, ನಡುವೆ ಉತ್ತು ಹಸನು ಮಾಡಿದ ಬರಿ ನೆಲ, ಅಷ್ಟೇ. ನಮ್ಮ ಒಂದೂಕಾಲು ಎಕರೆಯಲ್ಲಿ ಮಾತ್ರ ತೆಂಗಿನ ಕೆಳಗೆ ಸೀಬೆ, ನಿಂಬೆ, ನುಗ್ಗೆ. ಅದರ ಕೆಳಗೆ ಬಾಳೆ, ಪರಂಗಿ. ಅದಕ್ಕೂ ಕೆಳಗೆ ಅರಿಸಿನ, ಕೆಸು, ಸುವರ್ಣಗೆಡ್ಡೆ. ನೆಲವಂತೂ ಕಣ್ಣಿಗೇ ಬೀಳುವುದಿಲ್ಲ. ಗೇಣು ದಪ್ಪ ಸೊಪ್ಪು, ಗರಿ ಮುಚ್ಚಿರುತ್ತದೆ.

ಸೋದರಿಯರೇ, ಇಷ್ಟು ಗಿಡ ನೆಡುವುದೇನೂ ದೊಡ್ಡ ವಿದ್ಯೆಯಲ್ಲ. ನೆಟ್ಟದ್ದನ್ನು ವರ್ಷಾನುಗಟ್ಟಲೆ ನೋಡಿಕೊಳ್ಳುವುದಕ್ಕೆ ಜೊತೆ ಬೇಕು. ಆ ಜೊತೆ ನಮ್ಮೂರಿನಲ್ಲಿ ಹೇಗೆ ಕೂಡಿಬಂತು ಎನ್ನುವುದನ್ನು ನಿಮ್ಮೊಂದಿಗೆ ಹಂಚಿಕೊಳ್ಳೋಣವೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೇಸಾಯದ ಮಾತು. ತೆಂಗನ್ನು 30 ಅಡಿಗೊಂದರಂತೆ ನೆಟ್ಟರೆ ಎಕರೆಗೆ 48 ಮರ ಹಿಡಿಯುತ್ತದೆ. ಒಂದು ಮರದ ಬೇರುಗಳಲ್ಲಿ ಬಹುಪಾಲು ಬುಡದಿಂದ ಆರೇಳು ಅಡಿಯೊಳಗೇ ಇರುತ್ತವೆ. ಹಾಗಾದರೆ ಮಿಕ್ಕ ನೆಲದಲ್ಲಿ ಏನಿದೆ? ಬಿಸಿಲು ಕಾಯುತ್ತದೆ, ಕಳೆ ಬೆಳೆಯುತ್ತದೆ, ಮಳೆ ಬಂದಾಗ ಮಣ್ಣು ಕೊಚ್ಚಿಹೋಗುತ್ತದೆ. 1916ರಲ್ಲಿ ಆರಂಭವಾದ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರದವರು 1970ರ ದಶಕದಲ್ಲೇ ಈ ಜಾಗದಲ್ಲಿ ಅಂತಸ್ತು ಅಂತಸ್ತಾಗಿ ಬೇರೆ ಬೆಳೆ ಎಬ್ಬಿಸಿ ತೋರಿಸಿದ್ದರು. ಮಲೆನಾಡಿನವರಿಗಂತೂ ಇದು ಅಜ್ಜಂದಿರ ಕಾಲದ ಪಾಠ. ಅಡಿಕೆ, ಅದಕ್ಕೆ ಹಬ್ಬಿದ ಮೆಣಸು, ನಡುವೆ ಬಾಳೆ, ನೆರಳಿನಲ್ಲಿ ಏಲಕ್ಕಿ! ನಮ್ಮ ಬಯಲುಸೀಮೆಯ ರಾಗಿ ಹೊಲದಲ್ಲೂ ಅವರೆ, ತೊಗರಿ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇಲ್ಲದಿದ್ದರೆ ಹಿರಿಯರಿಗೆ ಸಮಾಧಾನವಿರಲಿಲ್ಲ.

ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳು ಒಮ್ಮೆ ರಜೆಗೆ ಬಂದಾಗ ಬ್ರೆಜಿಲ್ ದೇಶದ ಒಂದು ಕಥೆ ಹೇಳಿದಳು. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಎರ್ನ್ಸ್ಟ್ ಗೋಟ್ಶ್ ಎನ್ನುವವರು 1984ರಲ್ಲಿ ಅಲ್ಲಿನ ಬಾಹಿಯಾ ರಾಜ್ಯದಲ್ಲಿ ಸುಮಾರು 500 ಹೆಕ್ಟೇರ್ ಜಮೀನು ಕೊಂಡರಂತೆ. ಮರ ಕಡಿದು, ಸುಟ್ಟು, ದನ ಮೇಯಿಸಿ ಬರಡಾಗಿದ್ದ ನೆಲ. ಆ ಎಸ್ಟೇಟಿನ ಹೆಸರಿನ ಅರ್ಥವೇ ‘ಒಣ ನೆಲ ಬಿಟ್ಟು ಓಡಿದವರು’ ಎಂದು. ಅವರು ಬೇಗ ಬೆಳೆಯುವುದು, ನಿಧಾನವಾಗಿ ಬೆಳೆಯುವುದು, ಎತ್ತರದ್ದು, ಗಿಡ್ಡದ್ದು ಎಲ್ಲವನ್ನೂ ಒಟ್ಟಿಗೇ ಒತ್ತಾಗಿ ನೆಟ್ಟರು. ಬೆಳೆದದ್ದನ್ನು ಮತ್ತೆ ಮತ್ತೆ ಸವರಿ ಸೊಪ್ಪನ್ನು ನೆಲಕ್ಕೇ ಹಾಸಿದರು. ವರ್ಷಗಳು ಕಳೆದಂತೆ ಕೋಕೋ ಬೆಳೆಯಿತು, ಕಾಡು ಮರಳಿತು, ಬತ್ತಿದ್ದ ಒರತೆಗಳಲ್ಲಿ ನೀರಾಡಿತು. ಆಮೇಲೆ ಆ ಜಾಗಕ್ಕೆ ‘ನೀರಿನ ಕಣ್ಣುಗಳು’ ಎಂದು ಹೆಸರಾಯಿತು. ನಾವೂ ಬಾವಿ ತೋಡುವಾಗ ‘ಜಲದ ಕಣ್ಣು ಒಡೆಯಿತು’ ಎನ್ನುವುದಿಲ್ಲವೇ? ಎಷ್ಟು ದೂರದ ದೇಶ, ಎಷ್ಟು ಹತ್ತಿರದ ಮಾತು!

ಈ ಪದ್ಧತಿಗೆ ಸಿಂಟ್ರೋಪಿಕ್ ಕೃಷಿ ಎನ್ನುತ್ತಾರೆ. ಚದುರಿಹೋಗುವುದಕ್ಕೆ ವಿರುದ್ಧವಾದದ್ದು, ಕೂಡಿಬರುವುದು ಎಂದು ಅದರ ತಾತ್ಪರ್ಯ. ನನಗೆ ಇದು ಅವಿಭಕ್ತ ಕುಟುಂಬದ ಹಾಗೆ ಕಾಣುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಜಾಗ, ಒಂದೊಂದು ಕಾಲ. ಹುರುಳಿ, ಅಲಸಂದೆ ಮೂರು ತಿಂಗಳ ಅತಿಥಿಗಳು. ತೊಗರಿ ಒಂದು ವರ್ಷದೊಳಗೆ ಮುಗಿಯುತ್ತದೆ, ಪರಂಗಿ ಎರಡು ಮೂರು ವರ್ಷ. ಸೀಬೆ, ನಿಂಬೆ ಮಕ್ಕಳ ಮದುವೆಯವರೆಗೆ. ಹಲಸು ಮೊಮ್ಮಕ್ಕಳ ಪಾಲಿಗೆ. ಮೊದಲು ಬಂದವರು ಹಿಂದೆ ಬರುವವರಿಗೆ ನೆರಳು ಕೊಟ್ಟು, ಗೊಬ್ಬರವಾಗಿ ಜಾಗ ಬಿಡುತ್ತಾರೆ.

ಬ್ರೆಜಿಲಿನ ಆ ಜಾಗದಲ್ಲಿ ಸುರಿಯುವಷ್ಟು ಮಳೆ ನಮಗಿಲ್ಲ, ನಿಜ. ಆದ್ದರಿಂದ ನಾವು ಅಲ್ಲಿನಷ್ಟು ಒತ್ತಾಗಿ ನೆಡಲಿಲ್ಲ. ಸೊಪ್ಪಿಗೆಂದು ಗೊಬ್ಬರದ ಗಿಡ, ಹೊಂಗೆ, ಅಗಸೆ ಹಾಕಿದೆವು. ಆದರೆ ಒಂದು ಕೆಲಸವನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಎಲ್ಲವನ್ನೂ ಸವರಬೇಕು. ಸವರದಿದ್ದರೆ ಕೆಳಗಿನ ಗಿಡಕ್ಕೆ ಬೆಳಕಿಲ್ಲ, ನೆಲಕ್ಕೆ ಹೊದಿಕೆಯಿಲ್ಲ. ತೋಟ ನಿಜವಾಗಿಯೂ ಕಾಡಾಗುತ್ತದೆ. ನಮ್ಮ ಯಜಮಾನರೂ ನಾನೂ ಇಬ್ಬರೇ ಕತ್ತಿ ಹಿಡಿದರೆ ಹದಿನೈದು ದಿನದ ಕೆಲಸ. ಕೂಲಿಗೆ ಆಳು ಸಿಕ್ಕುವುದು ದುಸ್ತರ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ.

ನಮಗೇ ಹೀಗಾದರೆ ಪಕ್ಕದ ತೋಟದ ಅಕ್ಕನ ಪಾಡೇನು ಹೇಳಲಿ? 2019ರಲ್ಲಿ ಅವರ ಯಜಮಾನರು ತೀರಿಕೊಂಡರು. ಒಬ್ಬಳೇ ಮಗಳು, ಆಗಿನ್ನೂ ಹೈಸ್ಕೂಲಿನಲ್ಲಿದ್ದಳು. ತಿಥಿಯ ಊಟ ಮುಗಿದು ಎಲೆ ಎತ್ತುವುದರೊಳಗೆ ಭಾವಂದಿರು ಮಾತು ತೆಗೆದರು. “ಗಂಡಸಿಲ್ಲದ ಮನೆ, ನೀನೇನು ತೋಟ ಮಾಡ್ತೀಯ? ನಮಗೆ ಬಿಟ್ಟುಬಿಡು, ವರ್ಷಕ್ಕಿಷ್ಟು ಅಂತ ಕೊಡ್ತೀವಿ.” ಅಕ್ಕ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಗರಿ ಬಿದ್ದಲ್ಲೇ ಬಿದ್ದಿತ್ತು, ಕಳೆ ಸೊಂಟದುದ್ದ ನಿಂತಿತ್ತು. “ನೋಡಿದಿರಾ, ನಾವು ಹೇಳಲಿಲ್ವಾ?” ಎನ್ನುವವರಿಗೆ ಇನ್ನೇನು ಬೇಕು?

ಆಗ ಮುಯ್ಯಿಯ ಮಾತೆತ್ತಿದ್ದು ನಮ್ಮತ್ತೆ. ಮದುವೆ ಮನೆಯಲ್ಲಿ ನಾವು ಮುಯ್ಯಿ ಹಾಕುತ್ತೇವಲ್ಲ, ಅವರ ಮನೆಯಲ್ಲಿ ಹಾಕಿದ್ದು ನಮ್ಮ ಮನೆಗೆ ತಿರುಗಿ ಬರುತ್ತದೆ. ಹಿಂದೆ ಹೊಲದ ಕೆಲಸಕ್ಕೂ ಅದೇ ಲೆಕ್ಕ ಇತ್ತು. ಇವತ್ತು ನಿಮ್ಮ ಹೊಲದಲ್ಲಿ ನಾಟಿ, ನಾಳೆ ನಮ್ಮ ಹೊಲದಲ್ಲಿ. ಮುಯ್ಯಾಳು ಎನ್ನುತ್ತಿದ್ದರು. “ಆ ಹುಡುಗಿ ತೋಟಕ್ಕೆ ನಾಕು ಜನ ಹೋಗ್ರೇ. ಕತ್ತಿ ಹಿಡಿಯೋಕೆ ಮೀಸೆ ಬೇಕಾ?” ಎಂದರು ಅತ್ತೆ!

2021ರ ಮುಂಗಾರಿನಲ್ಲಿ ಏಳು ಮನೆಯ ಹೆಂಗಸರು ಕೂಡಿದೆವು. ಪ್ರತಿ ಬುಧವಾರ ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಒಬ್ಬರ ತೋಟದಲ್ಲಿ ಕೆಲಸ. ಒಬ್ಬರು ಸವರಿದರೆ, ಇಬ್ಬರು ಕತ್ತರಿಸಿ ಹಾಸುವವರು, ಮತ್ತಿಬ್ಬರು ನೆಡುವವರು. ಹದಿನೈದು ದಿನದ ಕೆಲಸ ಎರಡು ಬುಧವಾರಕ್ಕೆ ಮುಗಿಯತೊಡಗಿತು. ಊಟಕ್ಕೆ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಇಷ್ಟೇ ಎಂದು ಮೊದಲ ದಿನವೇ ಕಟ್ಟು ಮಾಡಿದೆವು. ಇಲ್ಲದಿದ್ದರೆ ಒಂದು ಮನೆಯಲ್ಲಿ ಹೋಳಿಗೆ, ಇನ್ನೊಂದರಲ್ಲಿ ಪಾಯಸ ಎಂದು ಪೈಪೋಟಿ ಹತ್ತಿ, ಬಡವರ ಮನೆ ಸರದಿ ಬಂದಾಗ ಮುಯ್ಯಿಯೇ ನಿಂತುಹೋಗುತ್ತದೆ.

ಏಳರಲ್ಲಿ ಒಬ್ಬಾಕೆಗೆ ಜಮೀನಿಲ್ಲ. ಎರಡನೆಯ ವಾರವೇ ಆಕೆ ಕೇಳಿದಳು: “ಅಕ್ಕಾ, ನಿಮಗೆಲ್ಲ ತೋಟ ಐತೆ, ಮುಯ್ಯಿ ತೀರ್ತದೆ. ನಾಕು ಮೇಕೆ ಬಿಟ್ರೆ ನಂದೇನೈತೆ? ನನಗೆ ಎಲ್ಲಿ ತೀರಿಸ್ತೀರಿ?” ನ್ಯಾಯವಾದ ಪ್ರಶ್ನೆ. ಹೊಲವಿರುವವರಿಗೆ ಮುಯ್ಯಿ, ಇಲ್ಲದವರಿಗೆ ಬಿಟ್ಟಿ ಎಂದಾಗಬಾರದಲ್ಲ. ಅಂದೇ ಕೂತು ತೀರ್ಮಾನ ಮಾಡಿದೆವು. ಆಕೆಗೆ ಅರ್ಧ ದಿನದ ಪೂರ್ತಿ ಕೂಲಿ, ಅಂದಂದೇ, ಕೈಗೆ ನಗದು. ತೋಟದ ಯಜಮಾನಿ ಕೊಡಬೇಕು. ಮೇಕೆಗೆ ಅಗಸೆ ಸೊಪ್ಪು ಆಕೆಯ ಪಾಲು. ಬೀಜದಲ್ಲಿ ಎಲ್ಲರಿಗೂ ಸಮಪಾಲು. ಈಗ ಆಕೆಯ ಹಿತ್ತಲಿನ ಹೀರೆ, ಚಪ್ಪರದವರೆಯ ಬೀಜವೇ ನಮಗೆಲ್ಲ ತಾಯಿಬೀಜ. ಶಿರಸಿಯ ಕಡೆ ‘ವನಸ್ತ್ರೀ’ ಎನ್ನುವ ಬಳಗ 2001ರಲ್ಲಿ ಹುಟ್ಟಿ, ಮಲೆನಾಡಿನ ಹೆಂಗಸರ ಕೈತೋಟದ ಬೀಜ ಉಳಿಸುವ ಕೆಲಸ ಕೈಗೆತ್ತಿಕೊಂಡಿತೆಂದು ತಿಳಿದಾಗ ನಮಗೂ ಧೈರ್ಯ ಬಂತು. ಅಂಗಡಿಯ ಪೊಟ್ಟಣಕ್ಕೆ ಕಾಯದೆ ನೆರೆಮನೆಯಿಂದ ಬೀಜ ತಂದು ಬಿತ್ತುವ ರೂಢಿಯನ್ನು ಉಳಿಸಿಕೊಂಡು ಬಂದವರು ಹೆಂಗಸರೇ ಅಲ್ಲವೇ?

ಪಕ್ಕದ ಅಕ್ಕನ ತೋಟ ಒಂದು ವರ್ಷದಲ್ಲಿ ಕಳೆ ಇಳಿದು ತಹಬಂದಿಗೆ ಬಂತು. ಆದರೆ ಆಕೆ ತರಕಾರಿ ನೆಟ್ಟರು, ಬಾಳೆ ನೆಟ್ಟರು, ದೊಡ್ಡ ಮರದ ಸಸಿ ಮಾತ್ರ ಮುಟ್ಟಲಿಲ್ಲ. “ಹಲಸು ಹಾಕಕ್ಕಾ” ಎಂದರೆ ಸುಮ್ಮನಾಗುತ್ತಿದ್ದರು. ಒಂದು ದಿನ ಮಜ್ಜಿಗೆ ಕುಡಿಯುತ್ತಾ ಬಾಯಿಬಿಟ್ಟರು: “ಯಾರ ಹೆಸರಿನ ನೆಲದಲ್ಲಿ ಹಲಸು ಹಾಕಲಿ?” ಪಹಣಿ ಇನ್ನೂ ತೀರಿಹೋದವರ ಹೆಸರಿನಲ್ಲೇ ಇತ್ತು!

ಸೋದರಿಯರೇ, ಈ ಮಾತನ್ನು ದಯವಿಟ್ಟು ಗಮನಿಸಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲಿದೆ. ಅವನ ತಾಯಿಯಿದ್ದರೆ ಆಕೆಗೂ ಇದೆ. ಇದು ಭಾವಂದಿರು ಕೊಡುವ ದಾನವಲ್ಲ. ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮರಣ ಪತ್ರ, ವಂಶವೃಕ್ಷ ಇಟ್ಟು ಅರ್ಜಿ ಹಾಕಬೇಕು. ಕಚೇರಿಗೆ ಒಂಟಿ ಹೆಂಗಸು ಹೋದರೆ “ನಾಳೆ ಬಾರಮ್ಮ” ಎನ್ನುತ್ತಿದ್ದರು. ನಾವು ಮೂವರು ನಾಲ್ವರು ಜೊತೆಗೂಡಿ ಹೋಗತೊಡಗಿದ ಮೇಲೆ ಕುರ್ಚಿಯಾದರೂ ತೋರಿಸಿದರು. ಕಚೇರಿಗೆ ಹೋದ ದಿನವನ್ನೂ ನಾವು ಮುಯ್ಯಿಯ ಲೆಕ್ಕಕ್ಕೇ ಹಿಡಿದೆವು. 2023ರಲ್ಲಿ ಅಕ್ಕನ ಮತ್ತು ಮಗಳ ಹೆಸರು ಪಹಣಿಗೆ ಬಂತು. ಆ ವಾರವೇ ಬೇಲಿಯ ಮೂಲೆಯಲ್ಲಿ ಎರಡು ಹಲಸಿನ ಸಸಿ ನೆಟ್ಟರು. ಭಾವಂದಿರು ಮಾತು ಬಿಟ್ಟಿದ್ದಾರೆ. ಹಬ್ಬಕ್ಕೆ ಕರೆಯುವುದಿಲ್ಲ. ಅದರ ನೋವು ಅಕ್ಕನಿಗೆ ಇದ್ದೇ ಇದೆ.

ಎಲ್ಲವೂ ಸುಸೂತ್ರ ಎಂದು ಹೇಳಲಾರೆ. “ಊರವರ ತೋಟದಲ್ಲಿ ದುಡಿಯೋಕೆ ನಮ್ಮ ಸೊಸೆ ಹೋಗಬೇಕಾ?” ಎಂದು ಮನೆಯವರು ತಡೆದದ್ದರಿಂದ ಒಬ್ಬಾಕೆ ಬಿಟ್ಟರು. ಬೇಸಿಗೆಯಲ್ಲಿ ಮೆಣಸಿನ ಬಳ್ಳಿ ಒಣಗಿಹೋಯಿತು. ನಮ್ಮ ಗಾಳಿಗೆ ಅದು ಒಗ್ಗಲಿಲ್ಲ. ಹಾಸಿದ ಸೊಪ್ಪಿಗೆ ಗೆದ್ದಲು ಬರುತ್ತದೆ; ಎಳೆ ಸಸಿಯ ಕಾಂಡಕ್ಕೆ ಸೊಪ್ಪು ತಾಗದಂತೆ ಗೇಣು ಜಾಗ ಬಿಟ್ಟರೆ ಸಾಕು. ಹಾವಿನ ಭಯವೂ ಸುಳ್ಳಲ್ಲ. ಓಡಾಡುವ ದಾರಿಯಲ್ಲಿ, ಮನೆಯ ಸುತ್ತ ಹೊದಿಕೆ ಹಾಸಬೇಡಿ. ಕೋಲಿನಿಂದ ಸದ್ದು ಮಾಡಿಯೇ ಸೊಪ್ಪಿಗೆ ಕೈ ಹಾಕಿ. ಮೊದಲ ವರ್ಷ ದೊಡ್ಡ ಹಣ ಕಾಣುವುದಿಲ್ಲ. ಆದರೆ ಸಂತೆಯಲ್ಲಿ ಸೊಪ್ಪು ತರಕಾರಿಗೆ ಬಿಚ್ಚುವ ಗಂಟು ಹಗುರವಾಗುತ್ತದೆ.

ನೀವೂ ಮಾಡಿನೋಡುವುದಾದರೆ ಎರಡು ಮರದ ನಡುವೆ ಒಂದೇ ಪಟ್ಟಿಯಿಂದ ಆರಂಭಿಸಿ. 3 ಅಡಿ ಅಗಲ, 20 ಅಡಿ ಉದ್ದ ಸಾಕು. ರೋಹಿಣಿ ಮಳೆಯ ಹೊತ್ತಿಗೆ ನಡುವೆ ಒಂದು ಸೀಬೆ, ಎರಡು ಕೊನೆಗೆ ಒಂದೊಂದು ಬಾಳೆ ಕಂದು, ಸೀಬೆ ಮತ್ತು ಬಾಳೆಯ ನಡುವೆ ಒಂದು ಕಡೆ ನುಗ್ಗೆ, ಇನ್ನೊಂದು ಕಡೆ ಪರಂಗಿ. ಅಂಚಿಗೆ ಅರಿಸಿನದ ಕೊಂಬು, ಖಾಲಿ ಉಳಿದಲ್ಲೆಲ್ಲ ಅಲಸಂದೆ ಬೀಜ. ಪಟ್ಟಿಯ ಪಕ್ಕದಲ್ಲಿ ಗೊಬ್ಬರದ ಗಿಡದ ಕಡ್ಡಿ ಊರಿ, ಚಿಗುರಿ ಎದೆಯೆತ್ತರ ಬಂದಾಗ ಸವರಿ ಹಾಸಿ. ಬಾಳೆ ಗೊನೆ ಕಡಿದ ಮೇಲೆ ಒಳಗಿನ ದಿಂಡು ಪಲ್ಯಕ್ಕಾಯಿತು, ಹೂವು ವಡೆಗಾಯಿತು. ಹೊರಗಿನ ಪಟ್ಟೆಗಳನ್ನು ಮಗುಚಿ ನೆಲಕ್ಕೆ ಹಾಸಿದರೆ ಅಡಿಯ ಮಣ್ಣು ವಾರಗಟ್ಟಲೆ ತಂಪಾಗಿರುತ್ತದೆ, ಎರೆಹುಳು ತಾನಾಗಿ ಬರುತ್ತದೆ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಒಂದು ಹಿಡಿ ಬೀಜ ಸೆರಗಿಗೆ ಕಟ್ಟಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿ. “ಬುಧವಾರ ನಿಮ್ಮ ಹಿತ್ತಲಿಗೆ ನಾನು ಬರ್ತೀನಿ, ಮುಂದಿನ ಬುಧವಾರ ನೀವು ಬನ್ನಿ” ಎನ್ನಿ. ಹಿತ್ತಲು ಎಷ್ಟೇ ಚಿಕ್ಕದಿರಲಿ, ಮುಯ್ಯಿ ಎರಡು ಮನೆಯಿದ್ದರೂ ನಡೆಯುತ್ತದೆ.