ಬೀಸುವ ಕಲ್ಲಿನ ಸದ್ದು

ಕಾಲೇಜಿನ ತರುಣನೊಬ್ಬನು ಪಾಠದ ಅಂಗವಾಗಿ ಕಿರುಚಿತ್ರವೊಂದನ್ನು ರಚಿಸಬೇಕಾಗಿದ್ದಿತು. ಅಜ್ಜಿಯು ರಾಗಿ ಬೀಸುತ್ತ ಹಾಡಿದ ಪದವೊಂದನ್ನು ಆತನು ಮೊಬೈಲಿನಲ್ಲಿ ಹಿಡಿದು, ಗಣಕಯಂತ್ರಕ್ಕೆ ಇಳಿಸಿಕೊಂಡನು. ಸೆಕೆಂಡೊಂದಕ್ಕೆ 44,100 ಸಲ ಧ್ವನಿಯನ್ನಳೆದು ಅಂಕಿಗಳಾಗಿಸುವ ಯಂತ್ರಕ್ಕೆ ಹಾಡೂ ಒಂದೇ, ಗದ್ದಲವೂ ಒಂದೇ. ಇದು ಬೇಕು, ಇದು ಬೇಡವೆಂದು ಹೇಳಬೇಕಾದವನು ಮನುಷ್ಯನು. 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದಕ್ಕೊಂದು ಉಪಾಯವುಂಟು. ಬರಿಯ ಗದ್ದಲವಿರುವ ತುಣುಕನ್ನು ಮಾದರಿಯಾಗಿ ತೋರಿಸಿದರೆ, ಅದನ್ನು ಹೋಲುವುದನ್ನೆಲ್ಲ ಉದ್ದಕ್ಕೂ ತಗ್ಗಿಸುತ್ತದೆ. ಅಜ್ಜಿಯು ಪದ ತೆಗೆಯುವ ಮುನ್ನ ಕಲ್ಲು ಮಾತ್ರ ತಿರುಗಿದ ನಾಲ್ಕು ಸೆಕೆಂಡುಗಳನ್ನೇ ಆತನು ತೋರಿಸಿದನು. ಕಂಠವು ತಿಳಿಯಾಯಿತು. ಹಿಗ್ಗಿನಿಂದ ಕೇಳಿಸಿದಾಗ ಆಕೆ ಕಿವಿಗೊಟ್ಟು, "ಕಲ್ಲೆಲ್ಲಿ ಹೋಯ್ತೋ ಮಗ? ಸುಮ್ನೆ ಕೂತು ಹಾಡ್ದಂಗೈತೆ" ಎಂದಳು.

ಆ ರಾತ್ರಿ ಆತನಿಗೆ ನಿದ್ರೆ ಬಾರಲಿಲ್ಲ. ಪದವು ನಿಂತದ್ದೆಲ್ಲ ಕೈ ಬದಲಿಸಿದೆಡೆಯಲ್ಲಿ, ಕಲ್ಲಿನ ಬಾಯಿಗೆ ರಾಗಿ ಹಾಕಿದೆಡೆಯಲ್ಲಿ. ಕಲ್ಲಿಲ್ಲದೆ ಆ ನಿಲುಗಡೆಗಳು ಮುಪ್ಪಿನ ಮರೆವಿನಂತೆ ಕೇಳಿಸುತ್ತಿದ್ದವು. ಪುಣ್ಯಕ್ಕೆ ಮೂಲಪ್ರತಿಯನ್ನು ಅಳಿಸಿರಲಿಲ್ಲ (ಅಳಿಸುವ ಚಟ ಇಂದಿನ ಹುಡುಗರಿಗೆ ತುಸು ಹೆಚ್ಚೇ). ಚಿತ್ರವನ್ನು ಕಲ್ಲಿನ ಸದ್ದಿನೊಡನೆಯೇ ಒಪ್ಪಿಸಿದನು. ಪರೀಕ್ಷಕರು ಗದ್ದಲದ ದೋಷವೆಂದು ಎರಡು ಅಂಕ ಕಳೆದರು.